ಗಿರಿಜತ್ತೆಯ ಮಂಕು ಬುದ್ಧಿ

ಬೇಲೂರಿನಿಂದ ಅರಸೀಕೆರೆಗೆ ಹೋಗುವ ಬಸ್ಸು ಹಳೇಬೀಡು ದಾಟಿ, ಜಾವಗಲ್ಲೂ ಹಿಂದಾಗಿ, ರಸ್ತೆಯ ಎರಡು ಕಡೆಯೂ ತೆಂಗಿನ ತೋಟಗಳು ಒತ್ತೊತ್ತಾಗಿ ಬರತೊಡಗಿದ ಮೇಲೆ ಕಿಟಕಿಯಿಂದ ಒಂದು ವಾಸನೆ ಒಳಗೆ ಬರುತ್ತದೆ. ಉರಿಯದೆ ಬರಿದೇ ಹೊಗೆಯಾಡುವ ತೆಂಗಿನ ಸಿಪ್ಪೆಯ ವಾಸನೆ ಅದು; ಅದರ ಅಡಿಯಲ್ಲಿ ಒಣಕೊಬ್ಬರಿಯ ಸಣ್ಣ ಸಿಹಿ, ಹಳೆಯ ಬಿದಿರಿನ ಘಾಟು. ಕಣ್ಣು ಮುಚ್ಚಿ ಕೂತಿದ್ದರೂ ನನಗೆ ನಮ್ಮ ಸೀಮೆ ಬಂದದ್ದು ಗೊತ್ತಾಗುತ್ತದೆ. ನಿಮಗೂ ಇಂಥದ್ದೊಂದು ವಾಸನೆ ಇದ್ದೇ ಇರಬೇಕು. ಮನೆ ಹೋಗಿ, ಮನೆಯವರು ಹೋಗಿ, ಅದೊಂದು ಮಾತ್ರ ಎಲ್ಲೋ ಉಳಿದುಕೊಂಡು, ಸಿದ್ಧರಿಲ್ಲದ ಹೊತ್ತಿನಲ್ಲಿ ಬಂದು ಎದೆಗೆ ಗುದ್ದುವಂಥದ್ದು. ಕಳೆದ ತಿಂಗಳು ನಾನು ಆ ಬಸ್ಸಿನಲ್ಲಿ ಗಿರಿಜತ್ತೆಯ ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋಗುತ್ತಿದ್ದೆ. ವಾಸನೆ ಬಂದಾಗ ಪಕ್ಕದ ಸೀಟಿನ ಹೆಂಗಸು ಮೂಗಿಗೆ ಸೆರಗು ಹಿಡಿದುಕೊಂಡಳು. ನಾನು ಕಿಟಕಿಯ ಗಾಜನ್ನು ಇನ್ನಷ್ಟು ಸರಿಸಿದೆ. ಅವಳು ನನ್ನನ್ನು ಒಂಥರಾ ನೋಡಿದಳು.

ಗಿರಿಜತ್ತೆ ಅಂದರೆ ನನ್ನ ಅಪ್ಪನ ತಂಗಿ. ನಮ್ಮ ಮನೆ ಕಣಕಟ್ಟೆಯಲ್ಲಿತ್ತು. ಇತ್ತು ಅನ್ನಬೇಕು, ಈಗ ಆ ಜಾಗದಲ್ಲಿ ಯಾರದೋ ಟ್ರ್ಯಾಕ್ಟರ್ ನಿಲ್ಲುವ ಶೀಟಿನ ಕೊಟ್ಟಿಗೆಯಿದೆ. ಮಣ್ಣಿನ ದಪ್ಪ ಗೋಡೆಯ ಮನೆ; ನಡುವೆ ತೊಟ್ಟಿ, ತೊಟ್ಟಿಯ ಹಿಂಬದಿಗೆ ಉದ್ದಕ್ಕೆ ಕಾಯಿಯ ಅಟ್ಟ. ನಮ್ಮ ಕಡೆ ಕೊಬ್ಬರಿಯನ್ನು ಬಿಸಿಲಿಗೆ ಹರವಿ ಅವಸರದಲ್ಲಿ ಮಾಡುವುದಿಲ್ಲ. ಸಿಪ್ಪೆ ಸುಲಿಯದ ಕಾಯಿಗಳನ್ನು ಇಡಿಯಾಗಿ ಅಟ್ಟಕ್ಕೆ ಹಾಕಿ, ಹೆಚ್ಚುಕಮ್ಮಿ ವರ್ಷ ಪೂರ್ತಿ ಸುಮ್ಮನೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಗುಂಡಗೆ ಉಂಡೆಯಾಗಿ ನಿಲ್ಲುತ್ತದೆ. ಮಳೆಗಾಲದಲ್ಲಿ ಮಾತ್ರ ಅಟ್ಟದ ಕೆಳಗೆ ಸಿಪ್ಪೆಯ ಹೊಗೆ ಹಾಕಬೇಕು, ಇಲ್ಲದಿದ್ದರೆ ಒಣಗುವುದು ತಡವಾಗುತ್ತದೆ. ಅವಸರ ಮಾಡಿ ನೀರಿರುವಾಗಲೇ ಒಡೆದರೆ ತಿರುಳು ಚಿಪ್ಪಿಗೆ ಕಚ್ಚಿಕೊಂಡು ಚೂರಾಗುತ್ತದೆ, ಬೂಸಲು ಹಿಡಿಯುತ್ತದೆ, ವರ್ಷದ ಬೆಳೆ ಗಾಣಕ್ಕೆ ಹೋಗುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಒಂದೇ ಒಂದು ದೊಡ್ಡ ಪ್ರಶ್ನೆ ಏಳುತ್ತಿತ್ತು: ಅಟ್ಟದ ಕಾಯಿ ಇಳಿಸಬಹುದೋ, ಇನ್ನೂ ಬೇಡವೋ? ಅದಕ್ಕೆ ಉತ್ತರ ಹೇಳುವ ಹಕ್ಕು ತಾತನ ಕಿವಿಗೆ ಮಾತ್ರ ಇತ್ತು.

ತಾತ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಹೇಳುತ್ತಿದ್ದರು. ಅದೇನು ಮಹಾ, ನೀರಿದ್ದರೆ ಕುಳಕ್ ಅನ್ನುತ್ತದೆ, ಯಾರಾದರೂ ಹೇಳಬಹುದು ಅಂತ ನಿಮಗನ್ನಿಸಬಹುದು. ನಿಜ, ನೀರು ಚೆನ್ನಾಗಿದ್ದರೆ ಯಾರಿಗಾದರೂ ಗೊತ್ತಾಗುತ್ತದೆ. ಆದರೆ ಕೊನೆಗೆ ಚಮಚದಷ್ಟು ಉಳಿದ ನೀರು, ತಿರುಳಿನ ಒಂದು ಮಗ್ಗುಲು ಬಿಟ್ಟು ಇನ್ನೊಂದು ಮಗ್ಗುಲು ಕಚ್ಚಿಕೊಂಡಿರುವುದು, ಇವೆಲ್ಲ ತಾತನಿಗೇ ಗೊತ್ತಾಗಬೇಕು. ಅವರು ಕಾಯಿ ಅಲ್ಲಾಡಿಸುವಾಗ ಮನೆಯಲ್ಲಿ ಯಾರೂ ಮಾತಾಡಬಾರದು. ಹೆಂಗಸರು ಬಳೆ ಸದ್ದಾಗದಂತೆ ಒಂದು ಕೈಯಿಂದ ಇನ್ನೊಂದು ಕೈ ಹಿಡಿದುಕೊಳ್ಳಬೇಕು. ಕರುವಿನ ಕೊರಳ ಗಂಟೆಯನ್ನೂ ಬಿಚ್ಚಿಡುತ್ತಿದ್ದರು. ಪೂಜೆಯ ಹೊತ್ತಿನಲ್ಲಿ ಕೂಡ ನಮ್ಮ ಮನೆ ಅಷ್ಟು ಮೌನವಾಗಿದ್ದುದನ್ನು ನಾನು ಕಾಣೆ. ತಾತ ಏಣಿಯ ಪಕ್ಕ ನಿಂತು, ಅಟ್ಟದ ಬೇರೆಬೇರೆ ಮೂಲೆಗಳಿಂದ ಆರಿಸಿದ ಕಾಯಿಗಳನ್ನು ಒಂದೊಂದಾಗಿ ತೆಗೆದುಕೊಂಡು ಅಲ್ಲಾಡಿಸಿ, ನೋಡಿದ್ದನ್ನು ಗಿರಿಜತ್ತೆಯತ್ತ ಚಾಚುವರು. ಎಲ್ಲ ಮುಗಿದ ಮೇಲೆ "ಒಣಗೈತೆ, ಇಳಿಸಿ" ಅಂತಲೋ "ಇನ್ನೂ ತಡೀರಿ" ಅಂತಲೋ ಒಂದು ಮಾತು. ಅದರ ಮೇಲೆ ಮಾತಿಲ್ಲ.

ಈ ಮನೆಯಲ್ಲಿ ಬುದ್ಧಿವಂತರಿಗೇನೂ ಬರವಿರಲಿಲ್ಲ. ಚಿಕ್ಕಪ್ಪ ಬಿ.ಕಾಂ. ಓದಿದವನು; ಅರಸೀಕೆರೆಯ ಮಂಡಿಯಲ್ಲಿ ಗುಮಾಸ್ತರು ಕಾಗದದ ಮೇಲೆ ಕೂಡಿಸಿ ಮುಗಿಸುವುದರೊಳಗೆ ಇವನು ಬಾಯಲ್ಲೇ ಮೊತ್ತ ಹೇಳಿ ಅವರ ಮುಖ ನೋಡುತ್ತಿದ್ದ. ಅಪ್ಪನಿಗೆ ಕೇಳಿದ್ದೆಲ್ಲ ಬಾಯಿಪಾಠ. ಮಠದಲ್ಲಿ ಸ್ವಾಮಿಗಳು ಒಮ್ಮೆ ಹೇಳಿದ ವಚನವನ್ನು ಮನೆಗೆ ಬಂದು ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದ. ಆದರೆ ಸಂತೆಗೆ ಕಳಿಸಿದರೆ ತರಬೇಕಾದ್ದು ಬಿಟ್ಟು ಉಳಿದದ್ದನ್ನೆಲ್ಲ ತರುತ್ತಿದ್ದ. ಅಮ್ಮನ ಬುದ್ಧಿಯೆಲ್ಲ ಅವಳ ನಡವಳಿಕೆಯಲ್ಲಿತ್ತು. ಯಾವ ನೆಂಟರಿಗೆ ಚಾಪೆ, ಯಾರಿಗೆ ಕಂಬಳಿ, ಯಾರ ಎದುರಿಗೆ ಸೆರಗು ಎಷ್ಟು ಮುಂದಕ್ಕೆ ಎಳೆದುಕೊಳ್ಳಬೇಕು, ದೊಡ್ಡವರು ಕೊಟ್ಟದ್ದನ್ನು ಹೇಗೆ ಎರಡೂ ಕೈಯೊಡ್ಡಿ ತೆಗೆದುಕೊಳ್ಳಬೇಕು ಅನ್ನುವುದರಲ್ಲಿ ಅವಳು ಎಂದೂ ತಪ್ಪಿದವಳಲ್ಲ. ಹಾಗಾಗಿ ದೊಡ್ಡ ಸೊಸೆ ಅಂದರೆ ಹೀಗಿರಬೇಕು ಅಂತ ಊರೇ ಹೇಳುತ್ತಿತ್ತು. ನನಗೆ ಶಾಲೆಯಲ್ಲಿ ಒಳ್ಳೆಯ ಅಂಕ ಬರುತ್ತಿದ್ದವು, ಅದರ ಜಂಭ ಬೇರೆ. ಮನೆಗೆ ಬಂದವರ ಮುಂದೆ ಅಪ್ಪ ನನ್ನನ್ನು ನಿಲ್ಲಿಸಿ ಮಗ್ಗಿ ಹೇಳಿಸುತ್ತಿದ್ದ.

ದಡ್ಡಿ ಅಂತ ಒಬ್ಬಳೇ ಇದ್ದದ್ದು ಗಿರಿಜತ್ತೆ. ಅವಳಿಗೆ ಮೂರನೆಯ ಕ್ಲಾಸಿನಾಚೆ ಓದು ಹತ್ತಲಿಲ್ಲ. ಗಡಿಯಾರ ನೋಡಿ ಹೊತ್ತು ಹೇಳಲು ಬರುತ್ತಿರಲಿಲ್ಲ. ಅರಸೀಕೆರೆಗೆ ಹೋಗಬೇಕಾದವಳು ಒಮ್ಮೆ ಎದುರು ದಿಕ್ಕಿನ ಬಸ್ಸು ಹತ್ತಿ ಸಂಜೆಗೆ ಅಳುತ್ತ ವಾಪಸು ಬಂದಿದ್ದಳು. ಅವಳನ್ನು ಮದುವೆ ಮಾಡಿ ಕೊಟ್ಟಿದ್ದರು. ವರ್ಷ ತುಂಬುವ ಮೊದಲೇ ಗಂಡನ ಮನೆಯವರು ಜೊತೆಯಲ್ಲಿ ಕರೆತಂದು, ಜಗಲಿಯ ಮೇಲೆ ಕಾಫಿ ಕುಡಿದು, "ಹುಡುಗಿ ಮಂಕು, ನಮ್ಮ ಮನೆಗೆ ಹೊಂದಲ್ಲ ಕಣ್ರೀ" ಅಂತ ಹೇಳಿ ಬಿಟ್ಟುಹೋದರಂತೆ. ತಾತ ಅವರೊಂದಿಗೆ ಜಗಳವಾಡಲಿಲ್ಲ, ಕಾಫಿಯ ಲೋಟಗಳನ್ನು ಮಾತ್ರ ತಿಪ್ಪೆಗೆ ಎಸೆಸಿದರಂತೆ. ಇದು ನಾನು ಹುಟ್ಟುವ ಮೊದಲೇ ಆದದ್ದು, ಕೇಳಿ ಬಲ್ಲೆ. ನಾನು ಬಲ್ಲ ಹಾಗೆ ಅತ್ತೆ ಯಾವಾಗಲೂ ಆ ಮನೆಯಲ್ಲೇ ಇದ್ದಳು. ಹೊಗೆ ಹಾಕುವುದು, ದನಗಳ ಚಾಕರಿ, ಮಕ್ಕಳ ತಲೆ ಬಾಚುವುದು ಅವಳ ಪಾಲಿಗೆ. ಯಾರಾದರೂ ಏನಾದರೂ ಮರೆತರೆ "ಏನ್ಲಾ, ಗಿರಿಜಾನ ಬುದ್ಧಿ ಬಂತಾ ನಿಂಗೆ?" ಅನ್ನುವುದು ಮನೆಯ ಗಾದೆಯಾಗಿತ್ತು. ಅದನ್ನು ಕೇಳಿ ಅವಳೂ ಎಲ್ಲರ ಜೊತೆ ನಗುತ್ತಿದ್ದಳು.

ಆದರೆ ಈಗ ನೆನೆದರೆ ಬೇರೆ ಸಂಗತಿಗಳೇ ಮೇಲೆ ಬರುತ್ತವೆ. ಅಪ್ಪ ಅಮ್ಮ ಮಾತು ಬಿಟ್ಟ ದಿನ ಅತ್ತೆ ಬೇಕೆಂದೇ ಸಾರಿಗೆ ಉಪ್ಪು ಜಾಸ್ತಿ ಹಾಕಿಬಿಡುವಳು. ಇಬ್ಬರೂ ಸೇರಿ ಅವಳನ್ನು ಬಯ್ಯುತ್ತ ಬಯ್ಯುತ್ತ ಒಬ್ಬರಿಗೊಬ್ಬರು ಮಾತಾಡಲು ಶುರು ಮಾಡುವರು. ಶಾಲೆಯಿಂದ ನಾನು ಮುಖ ಊದಿಸಿಕೊಂಡು ಬಂದರೆ ಅಮ್ಮ "ಏನಾಯ್ತು ಹೇಳು" ಅಂತ ಪೀಡಿಸುತ್ತಿದ್ದಳು. ಅತ್ತೆ ಏನೂ ಕೇಳದೆ ಎಣ್ಣೆಯ ಬಟ್ಟಲು ತಂದು ನನ್ನ ಹಿಂದೆ ಕೂರುತ್ತಿದ್ದಳು. ಮುಖ ಮುಖ ನೋಡಬೇಕಾಗಿಲ್ಲದಿದ್ದರೆ ಮಕ್ಕಳು ತಾವಾಗಿ ಹೇಳುತ್ತವೆ ಅನ್ನುವುದು ಅವಳಿಗೆ ಗೊತ್ತಿತ್ತು. ಇದನ್ನು ಬುದ್ಧಿ ಅಂತ ನಮ್ಮ ಮನೆಯಲ್ಲಿ ಯಾರೂ ಕರೆಯಲಿಲ್ಲ. ಒಳ್ಳೆಯ ಹುಡುಗಿ, ಪಾಪ, ತಲೆ ಇಲ್ಲ ಅಷ್ಟೇ, ಅನ್ನುತ್ತಿದ್ದರು.

ನನಗೆ ಹತ್ತು ವರ್ಷವಿದ್ದಾಗ, ಹಳೇಬೀಡಿಗೆ ಕೊಟ್ಟಿದ್ದ ನನ್ನ ಇನ್ನೊಬ್ಬ ಅತ್ತೆಯ ಬಾಣಂತನಕ್ಕೆ ಗಿರಿಜತ್ತೆ ಹೋಗಬೇಕಾಯಿತು. ಹೋಗುವ ಮುಂಚೆ ಅವಳು ಚಿಕ್ಕಪ್ಪನ ಹತ್ತಿರ, "ನಾ ಬರೋಗಂಟ ಅಟ್ಟ ಇಳಿಸ್ಬ್ಯಾಡ ಕಣೋ, ಬೇಗ ಬತ್ತೀನಿ" ಅಂದಳು. ಚಿಕ್ಕಪ್ಪ ನಕ್ಕು, "ನೀನಿಲ್ದಿದ್ರೆ ಕೊಬ್ಬರಿ ಒಣಗಲ್ವೇನೇ?" ಅಂದ. ಅವಳು ಇನ್ನೇನೋ ಹೇಳಲು ಬಾಯಿ ತೆರೆದು, ತಾತ ಜಗಲಿಯಲ್ಲಿ ಕೂತಿರುವುದನ್ನು ನೋಡಿ, ಸುಮ್ಮನಾಗಿ ಬಸ್ಸಿಗೆ ಹೋದಳು.

ಅವಳು ಹೋದ ಕೆಲವೇ ದಿನಕ್ಕೆ ಪೇಟೆಯಲ್ಲಿ ಧಾರಣೆ ಏರಿತು. ಚಿಕ್ಕಪ್ಪ ಅರಸೀಕೆರೆಯಿಂದ ಬಂದವನೇ ತಾತನ ಎದುರಿಗೆ ನಿಂತು, "ಅಪ್ಪಾ, ಒಂದ್ಸಲ ಅಟ್ಟ ನೋಡಿ" ಅಂದ. ಎಂದಿನಂತೆ ಎಲ್ಲ ಸಿದ್ಧವಾಯಿತು. ಕರುವಿನ ಗಂಟೆ ಬಿಚ್ಚಿದರು. ಅಮ್ಮ ಅತ್ತೆಯ ಜಾಗದಲ್ಲಿ, ಏಣಿಯ ಬುಡದಲ್ಲಿ ನಿಂತಳು. ನಾನು ಅಮ್ಮನ ಹಿಂದೆ ಸೆರಗು ಹಿಡಿದುಕೊಂಡಿದ್ದೆ. ತಾತ ಮೊದಲ ಕಾಯಿ ಎತ್ತಿ ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರು.

ಕುಳಕ್ ಅಂತು.

ಆ ಮೌನದಲ್ಲಿ ಅದು ಇಡೀ ತೊಟ್ಟಿಗೆ ಕೇಳಿಸಿತು. ನನಗೆ ಕೇಳಿಸಿತು, ಕಂಬಕ್ಕೆ ಒರಗಿ ನಿಂತಿದ್ದ ಅಪ್ಪನಿಗೆ ಕೇಳಿಸಿತು, ಕಾಯಿ ಇಳಿಸಲು ಬಂದಿದ್ದ ಆಳುಗಳಿಗೂ ಕೇಳಿಸಿತು. ತಾತ ಕಾಯಿಯನ್ನು ಅಮ್ಮನತ್ತ ಚಾಚಿದರು. ಅಮ್ಮ ಎರಡೂ ಕೈಯೊಡ್ಡಿ ತೆಗೆದುಕೊಂಡಳು. ಎರಡನೆಯದೂ ಕುಳಕ್. ಮೂರನೆಯದೂ. ತಾತನ ಮುಖದಲ್ಲಿ ಒಂದಿಷ್ಟೂ ಬದಲಾವಣೆ ಇರಲಿಲ್ಲ, ಅದೇ ಹಳೆಯ ಗಾಂಭೀರ್ಯ, ಅರ್ಧ ಮುಚ್ಚಿದ ಕಣ್ಣು. ನಾನು ತಡೆಯಲಾರದೆ "ಅಮ್ಮಾ, ನೀರು..." ಅಂದೆ. ಅಮ್ಮ ನನ್ನ ತೋಳು ಚಿವುಟಿದ ಗುರುತು ಎಷ್ಟೋ ದಿನ ಇತ್ತು. ಕೊನೆಯ ಕಾಯಿಯೂ ಅಮ್ಮನ ಕೈ ಸೇರಿದ ಮೇಲೆ ತಾತ ಸೊಂಟ ನೆಟ್ಟಗೆ ಮಾಡಿಕೊಂಡು, "ಒಣಗೈತೆ, ಇಳಿಸಿ" ಅಂದರು.

ಚಿಕ್ಕಪ್ಪ ಅಪ್ಪನ ಮುಖ ನೋಡಿದ, ಅಪ್ಪ ನೆಲ ನೋಡಿದ. ತಾತನಿಗೆ ಕಿವಿ ಹೋಗಿದೆ ಅನ್ನುವುದು ಆ ಒಂದು ಗಳಿಗೆಯಲ್ಲಿ ಮನೆಗೆಲ್ಲ ಗೊತ್ತಾಯಿತು. ಅದನ್ನು ಬಾಯಿಬಿಟ್ಟು ಹೇಳುವವರು ಯಾರು? ಬೆಕ್ಕಿಗೆ ಗಂಟೆ ಕಟ್ಟುವ ಮಾತಾಗಿದ್ದರೆ ನಗಬಹುದಿತ್ತು. ಇದು ಊರೆಲ್ಲ ನಂಬಿದ್ದ ಕಿವಿ. ಬೇರೆಯವರ ಅಟ್ಟ ನೋಡಲೂ ಅವರನ್ನೇ ಕರೆಯುತ್ತಿದ್ದರು. ಆಳುಗಳ ಎದುರಿಗೆ, ಸೊಸೆಯ ಎದುರಿಗೆ, ಮೊಮ್ಮಗಳ ಎದುರಿಗೆ "ಅಪ್ಪಾ, ನಿಮಗೆ ಕೇಳಿಸ್ತಿಲ್ಲ" ಅಂತ ಯಾವ ಮಗ ಹೇಳಿಯಾನು? ಬಾಯಲ್ಲೇ ಕೂಡುವ ಚಿಕ್ಕಪ್ಪನಿಗೂ, ಅಷ್ಟು ವಚನ ಬಲ್ಲ ಅಪ್ಪನಿಗೂ ಆ ಹೊತ್ತಿಗೆ ಬೇಕಾದ ಒಂದು ಮಾತು ಹೊಳೆಯಲಿಲ್ಲ. "ಹೂಂ, ಇಳಿಸ್ರೋ" ಅಂದ ಚಿಕ್ಕಪ್ಪ, ಧ್ವನಿಯೇ ಇಲ್ಲದ ಧ್ವನಿಯಲ್ಲಿ. ಅಟ್ಟ ಇಳಿಯಿತು. ಸುಲಿಯುವವರು ಸುಲಿದರು, ಒಡೆಯುವವರು ಒಡೆದರು. ಒಡೆದ ಕಡೆಯೆಲ್ಲ ನೀರು ಚೆಲ್ಲಿತು. ತಿರುಳು ಉಂಡೆಯಾಗಿ ಬರದೆ ಚೂರುಚೂರಾಗಿ ಕಿತ್ತು ಬಂತು. ಎಲ್ಲರೂ ನೋಡುತ್ತ ನೋಡುತ್ತ ಒಡೆಯುತ್ತಲೇ ಹೋದರು. ಒಂದು ಮನೆಯವರು ತಮ್ಮ ವರ್ಷದ ಬೆಳೆಯನ್ನು ತಾವೇ ಹೀಗೆ ಬಾಯಿ ಮುಚ್ಚಿಕೊಂಡು ಹಾಳು ಮಾಡಿಕೊಂಡದ್ದು ಬೇರೆ ಯಾವ ಸೀಮೆಯಲ್ಲಾದರೂ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ.

ಮಧ್ಯಾಹ್ನದ ಹೊತ್ತಿಗೆ ತಾತ ಜಗಲಿಯಿಂದ ಎದ್ದು ಅಂಗಳಕ್ಕೆ ಬಂದರು. ಕಣ್ಣಿಗೇನೂ ಆಗಿರಲಿಲ್ಲವಲ್ಲ. ಒದ್ದೆ ನೆಲ ನೋಡಿದರು, ಚೂರುಗಳ ರಾಶಿ ನೋಡಿದರು. ಬಗ್ಗಿ ಒಂದು ಚೂರು ಎತ್ತಿಕೊಂಡು ಮೂಸಿ ಕೆಳಗಿಟ್ಟರು. ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಆ ದಿನ ಊಟಕ್ಕೆ ಏಳಲಿಲ್ಲ, ಮರುದಿನವೂ ಏಳಲಿಲ್ಲ. ಅಮ್ಮ ಗಂಜಿ ಹಿಡಿದು ನಿಂತರೆ ಕೈಯಲ್ಲೇ ಬೇಡ ಅಂದರು. ಅಪ್ಪ ಹೆದರಿ ಹಳೇಬೀಡಿಗೆ ಹೇಳಿ ಕಳಿಸಿದ.

ಗಿರಿಜತ್ತೆ ಸೀರೆಯ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡೇ ಅಂಗಳದಲ್ಲಿ ನಿಂತು ರಾಶಿಯನ್ನು ನೋಡಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. "ಏಣಿ ತಾವ ಯಾರು ನಿಂತಿದ್ರು?" ಅಂತ ಕೇಳಿದಳು. ಅಮ್ಮ "ನಾನೇ" ಅಂದಳು. ಅತ್ತೆ ಅಮ್ಮನ ಮುಖ ನೋಡಿದಳು. ಗಂಟನ್ನು ಕೆಳಗಿಟ್ಟು, ಎಲ್ಲರೂ ಇರುವಾಗಲೇ, ತಾತ ಮಲಗಿದ್ದ ಕಡೆ ಹೋಗಿ ಅವರ ಕಾಲ ಬಳಿ ಕೂತಳು. ಆಮೇಲೆ ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹಲುಬತೊಡಗಿದಳು. "ನಂದೇ ತಪ್ಪು ಕಣಪ್ಪಾ. ಮಳೇಲಿ ಹೊಗೆ ಹಾಕೋದೇ ಮರ್ತುಬಿಟ್ಟಿದ್ದೆ. ನಿನ್ ತಾವ ಹೇಳಕ್ಕೆ ಹೆದ್ರಿಕೆ ಆಯ್ತು. ನಿಂಗೇನು ಗೊತ್ತಾಯ್ತದೆ, ಹೊಗೆ ಬಿದ್ದಿರೋ ಕಾಯಿ ಅಂತ್ಲೇ ನೀ ನೋಡ್ದೆ. ಎಲ್ಲಾ ನನ್ನ ಮಂಕು ಬುದ್ಧಿ!" ಅಂತ ಹಣೆ ಹಣೆ ಚಚ್ಚಿಕೊಂಡಳು.

ಆ ಮಾತು ಎಲ್ಲಿಂದ ಎಲ್ಲಿಗೂ ಕೂಡುವುದಿಲ್ಲ. ಹೊಗೆ ಹಾಕಿರಲಿ ಬಿಟ್ಟಿರಲಿ, ನೀರಿದ್ದರೆ ಕಿವಿಗೆ ಕೇಳಲೇಬೇಕು. ಹತ್ತು ವರ್ಷದ ನನಗೇ ಅದು ಗೊತ್ತಿತ್ತು. ಚಿಕ್ಕಪ್ಪನಿಗೆ ಗೊತ್ತಿರಲಿಲ್ಲವೇ? ಆದರೆ ಅವನು ಆ ಲೆಕ್ಕವನ್ನು ಮಾತ್ರ ತಾಳೆ ನೋಡಲಿಲ್ಲ. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತೆ ಅದನ್ನೇ ಹಿಡಿದುಕೊಂಡು, "ನಿಂಗೆ ಯಾವತ್ತು ಬುದ್ಧಿ ಬತ್ತದೇ, ಮೂದೇವಿ!" ಅಂತ ಕೂಗಾಡಿದ. ಅಪ್ಪನೂ ಬೈದ. ಇಡೀ ಮನೆ ಎರಡು ದಿನದಿಂದ ಕಟ್ಟಿಕೊಂಡಿದ್ದ ಉಸಿರನ್ನು ಅವಳ ಮೇಲೆ ಬಿಟ್ಟು ಹಗುರವಾಯಿತು. ಆಳುಗಳ ಬಾಯಿಂದ ಊರಿಗೂ ಅದೇ ಸುದ್ದಿ ಹೋಯಿತು: ಗಿರಿಜಮ್ಮ ಹೊಗೆ ಹಾಕೋದು ಮರೆತು ವರ್ಷದ ಕೊಬ್ಬರಿ ಕೆಡಿಸಿದಳಂತೆ. ಗಂಡನ ಮನೆಯವರು ಬಿಟ್ಟುಹೋದ ಮಾತಿಗೆ ಅವಳೇ ಮೊಹರು ಒತ್ತಿಕೊಟ್ಟ ಹಾಗಾಯಿತು.

ತಾತ ಎದ್ದು ಕೂತರು. ಅವರಿಗೆ ಅವಳ ಮಾತು ಕೇಳಿಸಿತೋ, ತುಟಿ ನೋಡಿ ತಿಳಿಯಿತೋ, ಅವಳ ಅಳು ಕಂಡೇ ಎಲ್ಲ ಅರ್ಥವಾಯಿತೋ ಹೇಳಲಾರೆ. ಅವಳು ಕಲಸಿ ಕೊಟ್ಟ ಮೊಸರನ್ನವನ್ನು ಉಂಡರು. ಅಲ್ಲಿಂದ ಮುಂದೆ ಅಟ್ಟದ ತಂಟೆಗೆ ಹೋಗಲಿಲ್ಲ, "ಇನ್ಮೇಲೆ ನೀವೇ ನೋಡ್ಕಳಿ" ಅಂತ ಚಿಕ್ಕಪ್ಪನಿಗೆ ಬಿಟ್ಟರು. ಒಂದು ಮಾತ್ರ ಬದಲಾಯಿತು. ಮೊದಲೆಲ್ಲ ಬೆಳಗಿನ ಪೂಜೆ ಮುಗಿಸಿ ವಿಭೂತಿಯನ್ನು ಹಿರಿಯ ಮಗನಾದ ಅಪ್ಪನ ಹಣೆಗೆ ಮೊದಲು ಹಚ್ಚುತ್ತಿದ್ದರು. ಅಂದಿನಿಂದ ಸಾಯುವವರೆಗೆ ಮೊದಲ ವಿಭೂತಿ ಗಿರಿಜತ್ತೆಗೆ. ಅವಳು ಕೊಟ್ಟಿಗೆಯಲ್ಲಿದ್ದರೆ ಬರುವವರೆಗೂ ಬೆರಳು ಹಾಗೆಯೇ ಹಿಡಿದು ಕಾಯುತ್ತಿದ್ದರು.

ಕಾಲ ಹೋಯಿತು. ತಾತ ಹೋದರು, ಅಪ್ಪ ಹೋದ, ತೋಟ ಪಾಲಾಯಿತು, ಮನೆ ಬಿದ್ದಿತು. ಚಿಕ್ಕಪ್ಪ ಅರಸೀಕೆರೆಯಲ್ಲಿ ಮನೆ ಮಾಡಿ ಗಿರಿಜತ್ತೆಯನ್ನೂ ಕರೆದುಕೊಂಡು ಹೋದ. ಅಮ್ಮನೂ ಅಲ್ಲೇ ನನ್ನ ತಮ್ಮನ ಜೊತೆಗಿದ್ದಾಳೆ. ನಾನು ಬೇಲೂರಿನಲ್ಲಿ ಟೀಚರಮ್ಮ ಆದೆ. ಕೊಬ್ಬರಿಯ ಕಥೆ ಮಾತ್ರ ಹೋಗಲಿಲ್ಲ. ಮದುವೆ ಮುಂಜಿಗಳಲ್ಲಿ ನಾಲ್ಕು ಜನ ಸೇರಿದರೆ ಚಿಕ್ಕಪ್ಪನ ಮಕ್ಕಳು ಅದನ್ನು ಹೊಸ ಹೊಸ ಉಪ್ಪುಖಾರ ಹಚ್ಚಿ ಹೇಳುತ್ತಿದ್ದರು. ಅವರು ಆಗಿನ್ನೂ ಹುಟ್ಟೇ ಇರಲಿಲ್ಲ. ಕೇಳುತ್ತ ಕೇಳುತ್ತ ಚಿಕ್ಕಪ್ಪನೂ ಅದನ್ನು ನಂಬಿಬಿಟ್ಟಿದ್ದ ಅಂತ ನನ್ನ ಅನುಮಾನ. ಮನೆಯ ಮರ್ಯಾದೆ ಉಳಿಸಲು ಹೇಳಿದ ಒಂದು ಸುಳ್ಳನ್ನು ಮೂವತ್ತು ನಲವತ್ತು ವರ್ಷ ಹೊತ್ತರೆ ಅದೇ ಬೆನ್ನಿಗೆ ಅಂಟಿಕೊಳ್ಳುತ್ತದೆ.

ಮೂರು ವರ್ಷದ ಹಿಂದೆ ಅತ್ತೆ ಕಣ್ಣಿನ ಪೊರೆ ತೆಗೆಸಲು ಬಂದು ಬೇಲೂರಿನಲ್ಲಿ ನನ್ನ ಮನೆಯಲ್ಲಿದ್ದಳು. ಆಗ ಶಾಲೆಯವರಿಗೆ ನಮಗೊಂದು ತರಬೇತಿಯಿತ್ತು. ಒಬ್ಬ ಎಳೆಯ ಹುಡುಗ ಗೋಡೆಯ ಮೇಲೆ ಬಣ್ಣದ ಚಕ್ರ ಮೂಡಿಸಿ, ಮನುಷ್ಯನ ಬುದ್ಧಿ ಒಂದೇ ಅಲ್ಲ, ಅದರಲ್ಲಿ ಹಲವು ಬಗೆ, ಲೆಕ್ಕದ್ದು, ಮಾತಿನದು, ರಾಗದ್ದು, ಮೈಕೈಯದು, ಇನ್ನೊಬ್ಬರ ಮನಸ್ಸು ಅರಿಯುವುದು, ಹೀಗೆ ಅಂತ ಹೇಳಿದ. ನಾವೆಲ್ಲ ಬಾಳೆಲೆಯ ಊಟದ ಚಿಂತೆಯಲ್ಲಿ ತಲೆಯಾಡಿಸಿದೆವು. ಸಂಜೆ ಅತ್ತೆಯೂ ನಾನೂ ಪಡಸಾಲೆಯಲ್ಲಿ ಅವರೆಕಾಳು ಹಿಸುಕುತ್ತ ಕೂತಿದ್ದಾಗ ತಮಾಷೆಗೆ ಅವಳಿಗೆ ಆ ಚಕ್ರದ ಕಥೆ ಹೇಳಿದೆ. ಅವಳು ಬಾಯಿತುಂಬ ನಕ್ಕು, "ಅಷ್ಟೊಂದು ಥರದ್ದು ಐತಾ? ಹಂಗಿದ್ರೂ ನಂಗೊಂದೂ ಸಿಗ್ಲಿಲ್ವಲ್ಲೇ ಶೈಲಾ!" ಅಂದಳು.

ನನಗೆ ನಗು ಬರಲಿಲ್ಲ. ಏನೋ ಒಂದು ಧೈರ್ಯ ಬಂದು, "ಅತ್ತೆ, ನೀನು ಹೊಗೆ ಹಾಕೋದು ಮರೆತಿರಲಿಲ್ಲ ಅಲ್ವಾ?" ಅಂತ ಕೇಳಿಬಿಟ್ಟೆ. ಅವಳು ಕಾಳು ಹಿಸುಕುವುದನ್ನು ನಿಲ್ಲಿಸಲಿಲ್ಲ. "ಮರೆಯಾದೆಲ್ಲಿ, ದಿನಾ ಹಾಕ್ತಿದ್ದೆ" ಅಂದಳು. ತಾತನಿಗೆ ಕಿವಿ ಮಂದವಾದದ್ದು ಅವಳಿಗೆ ಆ ಘಟನೆಗೂ ಎರಡು ವರ್ಷ ಮೊದಲೇ ತಿಳಿದಿತ್ತಂತೆ. ಎಲ್ಲರೂ ನಕ್ಕಾದ ಮೇಲೆ ಅವರು ಒಂದು ಚೂರು ತಡವಾಗಿ ನಗುತ್ತಿದ್ದರಂತೆ. ಅಟ್ಟ ನೋಡುವ ದಿನ ಕಾಯಿ ಒಣಗಿದ್ದರೆ ಅವಳು ಕೈ ಚಾಚುತ್ತಿದ್ದಳು. ನೀರಿನ ಸದ್ದಿದ್ದರೆ ಕೈ ಮುಂದೆ ಮಾಡದೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ತಾತ ಅವಳ ಕೈ ನೋಡಿ ಹೇಳುತ್ತಿದ್ದರು. ಹೀಗೆ ಅಂತ ಅವರಿಬ್ಬರೂ ಒಂದು ದಿನವೂ ಬಾಯಿಬಿಟ್ಟು ಮಾತಾಡಿಕೊಂಡವರಲ್ಲ. "ಅವತ್ತು ನಿಮ್ಮವ್ವ ನಿಂತ್ಕಂಡ್ಳು. ದೊಡ್ಡೋರು ಕೊಟ್ರೆ ಕೈ ಒಡ್ದೆ ಇರ್ತಾಳಾ ಅವ್ಳು? ಮರ್ಯಾದಸ್ತೆ. ಎಲ್ಲಾದಕ್ಕೂ ಕೈ ಒಡ್ಡವ್ಳೆ. ಅಪ್ಪ ಒಣಗೈತೆ ಅಂದ್ಕಂಡ" ಅಂದಳು. ಆಮೇಲೆ ನನ್ನ ಮೊಣಕಾಲ ಮೇಲೆ ಅವರೆಯ ಸೊಗಡಿನ ಕೈಯಿಟ್ಟು, "ನಿಮ್ಮವ್ವಂಗೆ ಮಾತ್ರ ಹೇಳ್ಬ್ಯಾಡ ಕಣೇ. ಬ್ಯಾಸ್ರ ಮಾಡ್ಕಂತಾಳೆ. ನಂಗೇನು, ಹೆಂಗೂ ಮಂಕು ಅಂತ ಹೆಸ್ರು ಬಿದ್ದೈತೆ, ಇನ್ನೊಂದು ಬಿದ್ರೆ ಭಾರನಾ?" ಅಂದಳು.

ಭಾರವೇ ಅತ್ತೆ, ಬಹಳ ಭಾರ ಅನ್ನಬೇಕೆನಿಸಿತು. ಹೇಳಬೇಡ ಅಂದಮೇಲೆ ಹೇಳದೆ ಉಳಿದೆ. ನನ್ನ ಎದುರಿಗೇ ಯಾರಾದರೂ ಆ ಕಥೆ ತೆಗೆದಾಗ ನಾಲಗೆ ಕಚ್ಚಿಕೊಂಡೆ. ಅತ್ತೆಯ ಹೆಸರು ತೊಳೆಯಲು ಹೋದರೆ ಅಮ್ಮನ ಹಣೆಗೆ ಅದು ಮೆತ್ತಿಕೊಳ್ಳುತ್ತದೆ. ಅಮ್ಮನಿಗೋ ಜೀವಮಾನದಲ್ಲಿ ಇದ್ದದ್ದೇ ಆ ಒಂದು ಹೆಮ್ಮೆ, ಯಾವ ನಡವಳಿಕೆಯಲ್ಲೂ ತಪ್ಪಿದವಳಲ್ಲ ಅನ್ನುವುದು.

ಕಳೆದ ತಿಂಗಳು, ಅತ್ತೆಯನ್ನು ಕಣಕಟ್ಟೆಯ ತೋಟದ ಮಣ್ಣಿಗೆ ಒಪ್ಪಿಸಿದ ಹನ್ನೊಂದನೆಯ ದಿನ, ಅರಸೀಕೆರೆಯ ಚಿಕ್ಕಪ್ಪನ ಮನೆಯಲ್ಲಿ ಜಂಗಮರ ಪೂಜೆ, ಪ್ರಸಾದ ಎಲ್ಲ ಮುಗಿದು, ಮನೆಯವರು ನಡುಮನೆಯಲ್ಲಿ ಕೂತಿದ್ದೆವು. ಅತ್ತೆಯ ಪಟಕ್ಕೆ ಹಾಕಿದ್ದ ಹೂವಿನ ಹಾರ ದೊಡ್ಡದಾಗಿ ಅರ್ಧ ಮುಖ ಮುಚ್ಚಿತ್ತು. ಸತ್ತವರ ಮನೆಯಲ್ಲಿ ಅಳು ಮುಗಿದ ಮೇಲೆ ಒಂದು ನಗು ಹುಟ್ಟುತ್ತದಲ್ಲ, ಪ್ರೀತಿಯದೇ, ಹಾಗೆಯೇ ಚಿಕ್ಕಪ್ಪನ ಮಗ ಮಂಜು ಶುರು ಮಾಡಿದ. "ನಮ್ಮತ್ತೆ ಏನು ಕಮ್ಮಿನಾ? ಅಟ್ಟಕ್ಕೆ ಹೊಗೆ ಹಾಕೋದು ಮರ್ತು ಇಡೀ ವರ್ಷದ ಕೊಬ್ರೀನ ಗಾಣಕ್ಕೆ ಕಳ್ಸಿದ್ಲು! ತಾತ ಎರಡು ದಿನ ಊಟ ಬಿಟ್ಟಿದ್ರಂತೆ." ಎಲ್ಲರೂ ನಕ್ಕರು. ನನ್ನ ಬಾಯಿಗೆ ಮಾತು ಬಂತು. ಅತ್ತೆಯೇ ಇಲ್ಲವಾದ ಮೇಲೆ ಇನ್ನು ಯಾರಿಗಾಗಿ ಮುಚ್ಚಿಡುವುದು ಅನ್ನಿಸಿತು. ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದ ಅಮ್ಮನನ್ನು ನೋಡಿದೆ, ಬಾಯಿಗೆ ಬಂದದ್ದು ಹಾಗೆಯೇ ಒಳಗೆ ಹೋಯಿತು.

ಆಗ ಅಮ್ಮನೇ ಮಾತಾಡಿದಳು. "ಅವ್ಳು ಹೊಗೆ ಹಾಕೋದು ಮರ್ತಿರ್ಲಿಲ್ಲ ಮಂಜು" ಅಂದಳು. ಧ್ವನಿ ದೊಡ್ಡದಾಗೇನೂ ಇರಲಿಲ್ಲ. "ಕಾಯಲ್ಲಿ ನೀರಿತ್ತು. ನಿಮ್ಮಪ್ಪಂಗೂ ಕೇಳಿಸ್ತು, ನಂಗೂ ಕೇಳಿಸ್ತು. ಮಾವ ಕಾಯಿ ನೋಡ್ತಿರ್ಲಿಲ್ಲ, ನನ್ನ ಕೈ ನೋಡ್ತಿದ್ರು. ಅದು ನಂಗೆ ಮೂರ್ನೇ ಕಾಯಿಗೇ ಗೊತ್ತಾಯ್ತು. ಗೊತ್ತಾದ್ಮೇಲೂ ಒಡ್ಡಿದ್ದ ಕೈ ಹಿಂದಕ್ಕೆ ತಗಳಕ್ಕೆ ನನ್ನ ಕೈಲಾಗ್ಲಿಲ್ಲ." ಚಿಕ್ಕಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸತೊಡಗಿದ, ಒರೆಸುತ್ತಲೇ ಇದ್ದ. "ಅವ್ಳು ಊರಿಗೆ ಬಂದು ಏಣಿ ತಾವ ಯಾರು ನಿಂತಿದ್ರು ಅಂತ ಕೇಳುದ್ಲು. ನಾನೇ ಅಂದೆ. ಅಷ್ಟೇ. ಆಮ್ಯಾಕೆ ಹೋಗಿ ಎಲ್ಲಾ ತನ್ನ ತಲೆ ಮೇಲೆ ಹಾಕ್ಕಂಡ್ಳು. ನಂಗೆ ಗೊತ್ತೈತೆ ಅಂತ ಅವ್ಳಿಗೆ ಹೇಳಕ್ಕೆ ಇಷ್ಟು ವರ್ಷ ಬಾಯೇ ಬರ್ಲಿಲ್ಲ ನಂಗೆ. ಗೊತ್ತಾದ್ರೆ ಅವ್ಳು ನೊಂದ್ಕಂತಾಳೆ ಅಂತ ಸುಮ್ಕಾದೆ. ಅವ್ಳನ್ನ ದಡ್ಡಿ ಅನ್ಬ್ಯಾಡಿ ನನ್ನ ಮುಂದೆ."

ಮಂಜು ತಲೆ ತಗ್ಗಿಸಿದ. ಮಕ್ಕಳು ಒಬ್ಬೊಬ್ಬರಾಗಿ ಎದ್ದು ಹೊರಗೆ ಹೋದರು. ಕಣಕಟ್ಟೆಯ ಆ ಮನೆಯಲ್ಲಿ, ಒಂದೇ ಒಲೆಯ ಮುಂದೆ, ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ನೋಯಬಾರದೆಂದು ಅಷ್ಟು ವರ್ಷ ಒಂದೇ ಸತ್ಯವನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟು ಬಾಳಿದ್ದರು. ನಾನು ಹೋಗಿ ಅಮ್ಮನ ಪಕ್ಕದಲ್ಲಿ ಕೂತೆ. ಅವಳು ನನ್ನ ಕಡೆ ತಿರುಗಿ, ಮೆಲ್ಲಗೆ, "ನಿನ್ನತ್ರ ಏನಾದ್ರೂ ಹೇಳಿದ್ಲಾ? ನಂಗೆ ಗೊತ್ತು ಅನ್ನೋದು ಅವ್ಳಿಗೆ ಗೊತ್ತಿತ್ತಾ?" ಅಂತ ಕೇಳಿದಳು.

ಹೌದು ಅನ್ನಲೇ, ಇಲ್ಲ ಅನ್ನಲೇ, ಯಾವುದು ಅಮ್ಮನ ಮನಸ್ಸಿಗೆ ಹಗುರ, ನನಗೆ ತಿಳಿಯಲಿಲ್ಲ. ಗಿರಿಜತ್ತೆ ಇದ್ದಿದ್ದರೆ ಅವಳಿಗೆ ತಕ್ಷಣ ತಿಳಿಯುತ್ತಿತ್ತು. ಇಷ್ಟು ಓದಿಕೊಂಡ ನಾವೆಲ್ಲ ತುಂಬಿದ್ದ ಆ ಮನೆಯಲ್ಲಿ ಅದು ಗೊತ್ತಿದ್ದವರು ಒಬ್ಬರೂ ಉಳಿದಿರಲಿಲ್ಲ.